24 ಅಚ್ಚು ಬೆಲ್ಲ

ಮಂಡ್ಯ
ಭಾನುವಾರ ರಾತ್ರಿ

ಪುಟ್ಟಿ,

24ರ ಅಪವರ್ತನಗಳನ್ನು, ಅಂದರೆ ಏನೂ ಮಿಕ್ಕದ ಹಾಗೆ 24ನ್ನು ಭಾಗಿಸುವ ಸಂಖ್ಯೆಗಳನ್ನು, ಬರೆಯುವಾಗ 3 ಮತ್ತು 8 ಬಿಟ್ಟುಬಿಟ್ಟೆಯಂತೆ, ಅದಕ್ಕೆ ಊಟವನ್ನೂ ಮಾಡದೆ ಮಲಗಿದೆಯಂತೆ. ದೊಡ್ಡಮ್ಮ ಫೋನಿನಲ್ಲಿ ಹೇಳಿದರು. ಊಟ ಬಿಡುವಷ್ಟು ದೊಡ್ಡ ತಪ್ಪಲ್ಲ ಕಣಮ್ಮ ಅದು.

ಇವತ್ತು ಆಲೆಮನೆಯಲ್ಲಿ ಕೊನೆಯ ಕೊಪ್ಪರಿಗೆ ಇಳಿಸಿದ ಮೇಲೆ ನಾನೂ ಆ ಲೆಕ್ಕಕ್ಕೆ ಕೂತೆ. ಪೆನ್ನಿಲ್ಲ, ಪುಸ್ತಕವಿಲ್ಲ. ಅಚ್ಚಿನಿಂದ 24 ಬೆಲ್ಲ ತಟ್ಟಿ ತೆಗೆದು ಗೋಣಿಚೀಲದ ಮೇಲೆ ಜೋಡಿಸಿದೆ. ಇನ್ನೂ ಬೆಚ್ಚಗಿದ್ದವು. ಮೊದಲು ಒಂದೇ ಸಾಲು, 24. ಎರಡು ಸಾಲು ಮಾಡಿದರೆ ಸಾಲಿಗೆ 12. ಮೂರು ಮಾಡಿದರೆ 8, ನಾಲ್ಕು ಮಾಡಿದರೆ 6. ಐದು ಸಾಲು ಮಾಡಲು ಹೋದೆ, ಸಾಲಿಗೆ ನಾಲ್ಕು ಕೂತು ಇನ್ನೂ ನಾಲ್ಕು ಕೈಯಲ್ಲೇ ಉಳಿದವು. ಆರು ಸಾಲು ಮಾಡಿದರೆ ಸಾಲಿಗೆ 4. ಅರೆ, ಇದನ್ನು ಆಗಲೇ ನೋಡಿದ್ದೆನಲ್ಲ! ಎದ್ದು ಚೀಲದ ಪಕ್ಕಕ್ಕೆ ಹೋಗಿ ನಿಂತರೆ ಅದೇ ನಾಲ್ಕು ಸಾಲು, ಸಾಲಿಗೆ 6.

ಅಪವರ್ತನಗಳು ಬರುವುದೇ ಜೋಡೆತ್ತಿನ ಹಾಗೆ. 3 ಸಿಕ್ಕಿತೋ, 8 ಅದರ ಜೊತೆಗೇ ನಿಂತಿರುತ್ತದೆ. ಎಲ್ಲಿಯ ತನಕ ಹುಡುಕಬೇಕು ಅಂತೀಯಾ? ಐದೈದ್ಲ 25, ಅದು 24ನ್ನು ದಾಟಿತು. ಹಾಗಾಗಿ 4ರ ತನಕ ನೋಡಿದರೆ ಸಾಕು, ಮುಂದೆ ಬರುವುದೆಲ್ಲ ಹಳೇ ಜೋಡಿಗಳೇ. 36ರದ್ದು ಮಾತ್ರ ಒಂದು ತಮಾಷೆ. ಆರಾರ್ಲ 36, ಅಲ್ವಾ? ಅಲ್ಲಿ 6 ಒಂಟಿ ಎತ್ತು. ಅದಕ್ಕೇ 36ರ ಅಪವರ್ತನ ಒಟ್ಟು 9. ಎಣಿಸಿ ನೋಡು.

ಅಷ್ಟರಲ್ಲಿ ನಿನ್ನ ತಮ್ಮ ಬಂದು ಒಂದು ಅಚ್ಚು ಬಾಯಿಗೆ ಹಾಕಿಕೊಂಡ. ಉಳಿದದ್ದು 23. ಎರಡು ಸಾಲು, ಮೂರು ಸಾಲು, ಏನು ಮಾಡಿದರೂ ಸರಿಹೋಗಲಿಲ್ಲ. ಉದ್ದಕ್ಕೆ ಒಂದೇ ಸಾಲು ಇಡಬೇಕು, ಇಲ್ಲ ಒಂದರ ಕೆಳಗೊಂದು. ನಿನ್ನ ಪುಸ್ತಕದ ಅವಿಭಾಜ್ಯ ಸಂಖ್ಯೆ ಅಂದರೆ ಇದೇ.

ನನಗೂ ಇದೆಲ್ಲ ಪೆಟ್ಟು ತಿಂದ ಮೇಲೇ ತಿಳಿದದ್ದು. ಆಲೆಮನೆ ಶುರು ಮಾಡಿದ ಹೊಸದರಲ್ಲಿ ಮೈಸೂರಿನ ಒಂದು ಅಂಗಡಿಗೆ 60 ಅಚ್ಚು ಕಳಿಸಬೇಕಿತ್ತು. ನಾನು ಸುಮ್ನೆ ಸಾಲಿಗೆ ಏಳರಂತೆ ಡಬ್ಬದಲ್ಲಿ ಜೋಡಿಸಿದೆ. ಏಳೆಂಟ್ಲ 56. ಮಿಕ್ಕ ನಾಲ್ಕನ್ನು ಮೇಲೆ ತುರುಕಿ ಮುಚ್ಚಳ ಒತ್ತಿದೆ. ಮೈಸೂರು ಸೇರುವಷ್ಟರಲ್ಲಿ ಮೇಲಿನದ್ದೂ ಪುಡಿ, ಕೆಳಗಿನದ್ದೂ ಪುಡಿ. ಆರರಂತೆ ಇಟ್ಟಿದ್ದರೆ ಹತ್ತು ಸಾಲು ಲಕ್ಷಣವಾಗಿ ಕೂರುತ್ತಿತ್ತು. 60 ಬಹಳ ಒಳ್ಳೆಯ ಸಂಖ್ಯೆ ಪುಟ್ಟಿ, 1ರಿಂದ 6ರ ತನಕ ಯಾವುದರಿಂದ ಭಾಗಿಸಿದರೂ ಏನೂ ಮಿಕ್ಕುವುದಿಲ್ಲ. ಅಷ್ಟು ದೊಡ್ಡ 100ನ್ನು ಮೂರು ಜನಕ್ಕೆ ಸಮನಾಗಿ ಹಂಚು ನೋಡೋಣ!

ಮಗ್ಗಿ ಮರೆತರೂ ಗಾಬರಿ ಬೇಡ. ಏಳೆಂಟ್ಲ ಎಷ್ಟು ಅಂತ ತೋಚದಿದ್ದರೆ ಐದೆಂಟ್ಲ 40, ಎರಡೆಂಟ್ಲ 16, ಎರಡನ್ನೂ ಕೂಡು. ಅದೇನು ಕಳ್ಳದಾರಿಯಲ್ಲ. ಆದರೂ ಮಗ್ಗಿ ಬಾಯಿಪಾಠ ಆಗಲೇಬೇಕು ಅನ್ನುವುದು ನಿನ್ನಜ್ಜಿಯ ಹಟ, ಈ ವಿಷಯದಲ್ಲಿ ನಾನೂ ಅವರ ಕಡೆಯೇ.

ನಾಳೆ ಮಾವನ ಕೈಯಲ್ಲಿ 24 ಅಚ್ಚು ಕಳಿಸುತ್ತಿದ್ದೇನೆ. ಮೊದಲು ಜೋಡಿಸು, ಆಮೇಲೆ ತಿನ್ನು. 23 ಇದ್ದರೆ ಮಾವನ ಬಾಯಿ ಮೂಸಿ ನೋಡು.

ನಿನ್ನ
ಅಪ್ಪ