ಪೌಲ ಕುಲ ಬಿಟ್ಟವನಲ್ಲ

ಮಾನ್ಯರೇ,

ಭಾನುವಾರದ ಪುರವಣಿಯಲ್ಲಿ ಆದಿ ಕ್ರೈಸ್ತರ ಕುರಿತು ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. ಆದರೆ ಕ್ರೈಸ್ತ ಮತದ ಆದಿ ಪ್ರಚಾರಕ ಪೌಲ ಯೆಹೂದ್ಯತನವನ್ನು ಕಳಚಿಟ್ಟು ಹೊಸ ಮತ ಸೇರಿದ, ಇತರರನ್ನೂ ಹಾಗೆಯೇ ಸೇರಿಸಿದ ಎಂಬ ಅದರ ಮಾತನ್ನು ಬೈಬಲಿನಲ್ಲಿರುವ ಅವನ ಪತ್ರಗಳೇ ಒಪ್ಪುವುದಿಲ್ಲ. ತಾನು ಇಸ್ರಾಯೇಲ್ಯನು, ಬೆನ್ಯಾಮೀನನ ಕುಲದವನು ಎಂದು ಅವನು ರೋಮಾಪುರದವರಿಗೆ ಬರೆದಿದ್ದಾನೆ. ಒಂದಾನೊಂದು ಕಾಲದಲ್ಲಿ ಹಾಗಿದ್ದೆ ಎಂದಲ್ಲ. ಗಲಾತ್ಯದವರಿಗೆ ತನ್ನ ಹಿಂದಿನ ಯೆಹೂದ್ಯ ನಡತೆಯ ಮಾತೆತ್ತಿದ್ದಾನೆ ನಿಜ, ಆದರೆ ಅಲ್ಲಿ ನೆನೆಯುವುದು ಸಭೆಯನ್ನು, ಅಂದರೆ ಕ್ರಿಸ್ತನನ್ನು ನಂಬಿದವರ ಕೂಟವನ್ನು, ಹಿಂಸಿಸುತ್ತಿದ್ದ ತನ್ನ ಹುರುಪನ್ನು.

ಆ ಗಲಾತ್ಯ ಪತ್ರ ಕ್ರಿ.ಶ. 50ರ ಆಸುಪಾಸಿನದು. ವಾಡಿಕೆಯ ಕೃತಜ್ಞತೆಯ ಮಾತೂ ಇಲ್ಲದೆ ಪೌಲ ನೇರ ಜಗಳಕ್ಕೇ ಇಳಿಯುತ್ತಾನೆ. ಸಿರಿಯಾದ ಅಂತಿಯೋಕ್ಯ ಪಟ್ಟಣದಲ್ಲಿ ಯೇಸುವಿನ ಶಿಷ್ಯ ಪೇತ್ರ ಅನ್ಯಜನರ, ಅಂದರೆ ಯೆಹೂದ್ಯರಲ್ಲದವರ ಜೊತೆ ಊಟಕ್ಕೆ ಕೂರುತ್ತಿದ್ದ. ಯೆರೂಸಲೇಮಿನ ಸಭೆಯ ಮುಖಂಡ ಯಾಕೋಬನ ಕಡೆಯವರು ಬಂದದ್ದೇ ತಡ, ಹೆದರಿ ದೂರ ಸರಿದ. ಉಳಿದ ಯೆಹೂದ್ಯರೂ ಅವನ ಹಿಂದೆ ಹೋದರು, ಕೊನೆಗೆ ಪೌಲನ ಜೊತೆಗಾರ ಬಾರ್ನಬನೂ. ಪೌಲ ಎಲ್ಲರೆದುರೇ ಪೇತ್ರನನ್ನು ತರಾಟೆಗೆ ತೆಗೆದುಕೊಂಡ. ಪಂಕ್ತಿಭೇದ ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪೇತ್ರ ಏನು ಉತ್ತರ ಕೊಟ್ಟನೆಂದು ಪೌಲ ಬರೆದಿಲ್ಲ. ವಾದದಲ್ಲಿ ಗೆದ್ದಿದ್ದರೆ ಬರೆಯದೆ ಬಿಡುತ್ತಿದ್ದನೇ ಎಂಬುದು ನನ್ನ ಗುಮಾನಿ.

ಸುನ್ನತಿಯಾದವನು ಅದನ್ನು ಮರೆಮಾಚಬೇಕಿಲ್ಲ, ಆಗದವನು ಮಾಡಿಸಿಕೊಳ್ಳಬೇಕಿಲ್ಲ ಎಂದು ಕೊರಿಂಥದವರಿಗೆ ಹೇಳಿದವನೂ ಇವನೇ. ಯೆಹೂದ್ಯ ಯೆಹೂದ್ಯನಾಗಿಯೇ, ಗ್ರೀಕ ಗ್ರೀಕನಾಗಿಯೇ ಜೊತೆಗೆ ಉಣ್ಣಬೇಕು. ಅವನು ಕಟ್ಟಿದ ಸಭೆಗಳು ನಿಂತದ್ದೇ ಇದರ ಮೇಲೆ.

ಹಾಗೆಂದು ಅನ್ಯಜನರು ಏನನ್ನೂ ಕಳೆದುಕೊಳ್ಳಲಿಲ್ಲ ಎನ್ನಲಾಗದು. ಈ ಮಟ್ಟಿಗೆ ಲೇಖಕರ ಮಾತಿನಲ್ಲಿ ಹುರುಳಿದೆ. ಅವರು ಊರ ದೇವರುಗಳನ್ನು ಬಿಡಲೇಬೇಕಿತ್ತು. ದೇವರ ಹಿಂದೆಯೇ ಹಬ್ಬ, ಬಲಿಯೂಟ, ನೆರೆಹೊರೆಯ ಒಡನಾಟವೂ ಕೈಬಿಡುತ್ತಿತ್ತು. ಪೇತ್ರನ ಹೆಸರಿನ ಮೊದಲ ಪತ್ರ ಪೊಂತ, ಕಪ್ಪದೋಕ್ಯ, ಬಿಥೂನ್ಯ ಮೊದಲಾದ, ಇಂದಿನ ಟರ್ಕಿಯ ಸೀಮೆಗಳ ಓದುಗರನ್ನು ಪ್ರವಾಸಿಗಳು, ಪರದೇಶಸ್ಥರು ಎಂದೇ ಕರೆಯುತ್ತದೆ. ಹಳೆಯ ಗೆಳೆಯರ ಕುಡಿತ, ಮೋಜಿಗೆ ಇವರು ಈಗ ಹೋಗದ್ದರಿಂದ ಅವರು ದೂಷಿಸುತ್ತಿದ್ದರಂತೆ.

ಕ್ರಿ.ಶ. 112ರ ಸುಮಾರಿಗೆ ಅದೇ ಬಿಥೂನ್ಯ-ಪೊಂತದಲ್ಲಿದ್ದ ರೋಮನ್ ರಾಜ್ಯಪಾಲ ಪ್ಲಿನಿ, ಚಕ್ರವರ್ತಿ ತ್ರಾಜಾನನಿಗೆ ಬರೆದ ಪತ್ರವೂ ನಮಗೆ ಉಳಿದಿದೆ. ಗುಡಿಗಳು ಹೆಚ್ಚುಕಡಿಮೆ ಪಾಳುಬಿದ್ದಿದ್ದವು ಎಂದು ಅವನು ದೂರುತ್ತಾನೆ. ಅವನ ವಿಚಾರಣೆಯಲ್ಲಿ ಕ್ರೈಸ್ತನಲ್ಲ ಎನ್ನುವವನು ಚಕ್ರವರ್ತಿಯ ಪ್ರತಿಮೆಗೆ ಧೂಪ, ದ್ರಾಕ್ಷಾರಸ ಅರ್ಪಿಸಿ ಕ್ರಿಸ್ತನನ್ನು ಶಪಿಸಬೇಕಿತ್ತು. ಇಬ್ಬರು ಕ್ರೈಸ್ತ ದಾಸಿಯರನ್ನು ಚಿತ್ರಹಿಂಸೆಗೆ ಒಳಪಡಿಸಿದರೂ ಅವನಿಗೆ ಮಿತಿಮೀರಿದ ಮೂಢನಂಬಿಕೆಯ ಹೊರತು ಬೇರೇನೂ ಕಾಣಲಿಲ್ಲ. ಕ್ರೈಸ್ತರು ನಸುಕಿನಲ್ಲಿ ಸೇರಿ ಕ್ರಿಸ್ತನನ್ನು ಸ್ತುತಿಸುತ್ತಿದ್ದರು, ಮತ್ತೆ ಕೂಡಿ ಸಾಧಾರಣ ಊಟ ಮಾಡುತ್ತಿದ್ದರು, ಅಷ್ಟೇ.

ಹೊಸ ನಂಬಿಕೆ ಯೆಹೂದ್ಯರಿಂದ ಬಯಸಿದ್ದು ಬೇರೆ, ಅನ್ಯಜನರಿಂದ ಬಯಸಿದ್ದು ಬೇರೆ. ಮುಂದಿನ ಕಂತಿನಲ್ಲಾದರೂ ಲೇಖಕರು ಎರಡನ್ನೂ ಕಲಸದೆ ಬರೆಯಲಿ. ಜೊತೆಗೆ ಅಧ್ಯಾಯ, ವಚನಗಳ ಸಂಖ್ಯೆ ಕೊಟ್ಟರೆ ಮನೆಯಲ್ಲಿ ಕನ್ನಡ ಬೈಬಲ್ ಇರುವವರು ತೆಗೆದು ನೋಡಿಕೊಳ್ಳುತ್ತಾರೆ.

– ನಿವೃತ್ತ ಇತಿಹಾಸ ಅಧ್ಯಾಪಕ, ಹಾಸನ