ಹೊಡೆದುಕೊಳ್ಳುವ ಮಗುವಿನ ಕಿವಿ ನೋಡಿ

ಮಾನ್ಯರೇ,

ಮಾತು ಬಾರದ, ಆಟಿಸಂ (ಮಿದುಳಿನ ಬೆಳವಣಿಗೆಯಲ್ಲಿನ ಭಿನ್ನತೆ) ಇರುವ ನನ್ನ ಅಕ್ಕನ ಮಗ ಕಳೆದ ಮಳೆಗಾಲದಲ್ಲಿ ಮುಷ್ಟಿಯಿಂದ ಬಲಗಿವಿಗೆ ಹೊಡೆದುಕೊಳ್ಳತೊಡಗಿದ. ಹಠ ಎಂದರು, ದೃಷ್ಟಿ ತಾಗಿದೆ ಎಂದರು. ನಾವು ಕೈ ಕಟ್ಟಿ ಕೂರಿಸಿದೆವು. ಕಡೆಗೆ ಮಡಿಕೇರಿಯ ವೈದ್ಯರೊಬ್ಬರು ನೋಡಿದರೆ ಕಿವಿಯೊಳಗೆ ಕೀವು! ಔಷಧ ಹಾಕಿದ ವಾರದಲ್ಲೇ ಹೊಡೆತ ನಿಂತಿತು. ಕೈ ಕಟ್ಟಿದ ಆ ದಿನಗಳನ್ನು ನೆನೆದರೆ ಇಂದಿಗೂ ಕರುಳು ಕಿವುಚಿದಂತಾಗುತ್ತದೆ.

ಹಲ್ಲುನೋವು, ಮಲಬದ್ಧತೆ, ಎದೆಯುರಿ ಕೂಡ ಹೀಗೆಯೇ ಹೊರಬರಬಹುದು. ನೋವು ಕಾಣದಿದ್ದರೆ, ಹೊಡೆದುಕೊಳ್ಳುವ ಮುಂಚೆ ಏನಾಯಿತು, ನಂತರ ಏನು ಸಿಕ್ಕಿತು ಎಂದು ಬರೆದಿಡಬೇಕು: ಗದ್ದಲದಿಂದ ಬಿಡುಗಡೆಯೇ, ಹತ್ತಿರದವರ ಗಮನವೇ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ. ಹಾಗಾಗಿ ನಮ್ಮ ಜಿಲ್ಲೆಯ ಆಸ್ಪತ್ರೆಗಳಲ್ಲಿ ಇಂಥ ಮಕ್ಕಳಿಗೆ ಮಂಪರಿನ ಮಾತ್ರೆ ಬರೆಯುವ ಮೊದಲು ಕಿವಿ, ಹಲ್ಲು, ಹೊಟ್ಟೆ ಪರೀಕ್ಷಿಸಲಿ.

– ಓದುಗರೊಬ್ಬರು, ನಾಪೋಕ್ಲು