ಇಲ್ಲದ ರಿಲೀವಿಂಗ್ ಲೆಟರ್ ಎಲ್ಲಿಂದ ತರುವುದು?

ಮಾನ್ಯ ಸಂಪಾದಕರೇ,

ಸಾಗರ, ತೀರ್ಥಹಳ್ಳಿ, ಹೊಸನಗರದ ಕಡೆ ಮನೆಯಲ್ಲೇ ಕೂತು ಬೆಂಗಳೂರು, ಪುಣೆಯ ಕಂಪನಿಗಳಿಗೆ ಸಾಫ್ಟ್‌ವೇರ್, ಡಿಸೈನ್, ಲೆಕ್ಕಪತ್ರದ ಕೆಲಸವನ್ನು ಕಾಂಟ್ರಾಕ್ಟ್ ಮೇಲೆ ಮಾಡಿಕೊಡುವವರಿದ್ದಾರೆ. ಆರು ತಿಂಗಳಿಗೋ ವರ್ಷಕ್ಕೋ ಒಂದು ಮುಗಿಯುತ್ತದೆ, ಇನ್ನೊಂದು ಹಿಡಿಯಬೇಕು. ಹಿಡಿದಾಗಲೆಲ್ಲ ಹಿನ್ನೆಲೆ ಪರಿಶೀಲನೆ, ಅವರ ಬಾಯಲ್ಲಿ ‘ಬಿಜಿವಿ’, ಮತ್ತೆ ಮೊದಲಿನಿಂದ ಶುರು. ಪರಿಶೀಲನೆಯೇ ಬೇಡವೆಂದಲ್ಲ. ಗ್ರಾಹಕರ ಮಾಹಿತಿಯನ್ನು ಕೈಗೆ ಕೊಡುವವರು ಆಳು ಯಾರೆಂದು ವಿಚಾರಿಸುವುದು ನ್ಯಾಯವೇ. ತಕರಾರಿರುವುದು ಫಾರಂ ಬಗ್ಗೆ. ಅದು ಸಂಬಳದ ನೌಕರನಿಗೆಂದು ಮಾಡಿದ ಫಾರಂ: ಮೂರು ತಿಂಗಳ ಸ್ಯಾಲರಿ ಸ್ಲಿಪ್, ಹಿಂದಿನ ಕಂಪನಿ ಕೊಡುವ ಬಿಡುಗಡೆ ಪತ್ರವಾದ ರಿಲೀವಿಂಗ್ ಲೆಟರ್, ಪಿಎಫ್‌ನ ಯುಎಎನ್ ಸಂಖ್ಯೆ, ಎಚ್‌ಆರ್ ಹೆಸರು. ಬಿಲ್ ಬರೆದು ದುಡ್ಡು ಪಡೆಯುವವನ ಹತ್ತಿರ ಇವು ಇರುವುದಿಲ್ಲ. ಖಾಲಿ ಬಿಟ್ಟರೆ ವರದಿಯಲ್ಲಿ ‘ದೃಢಪಟ್ಟಿಲ್ಲ’ ಎಂದು ಬರುತ್ತದೆ. ಓದುವವರ ಕಣ್ಣಿಗೆ ಅದಕ್ಕೂ ‘ಸುಳ್ಳು’ ಎಂಬುದಕ್ಕೂ ಹೆಚ್ಚು ಅಂತರ ಕಾಣುವುದಿಲ್ಲ.

ರಿಲೀವಿಂಗ್ ಲೆಟರ್‌ಗಿಂತ ಗಟ್ಟಿ ಸಾಕ್ಷಿ, ಪಾವತಿಯಲ್ಲೇ ಕಂಪನಿ ಹಿಡಿದುಕೊಂಡ ತೆರಿಗೆಯನ್ನು (ಟಿಡಿಎಸ್) ತೋರಿಸುವ ಆದಾಯ ತೆರಿಗೆ ಇಲಾಖೆಯ ಪಟ್ಟಿಯಾದ 26ಎಎಸ್‌ನಲ್ಲಿದೆ. ಯಾವ ಕಂಪನಿ, ಯಾವ ತಾರೀಖು, ಎಷ್ಟು ಪಾವತಿ, ಯಾವ ಸೆಕ್ಷನ್ ಎಂದು ಸಾಲುಸಾಲಾಗಿ ಸಿಗುತ್ತದೆ. 2026ರ ಮಾರ್ಚ್‌ವರೆಗಿನ ಸಾಲುಗಳಲ್ಲಿ 192 ಎಂದಿದ್ದರೆ ಅದು ಸಂಬಳ. 194ಜೆ ಎಂದಿದ್ದರೆ ವೃತ್ತಿಪರ ಅಥವಾ ತಾಂತ್ರಿಕ ಸೇವೆಯ ಶುಲ್ಕ, 194ಸಿ ಎಂದಿದ್ದರೆ ಗುತ್ತಿಗೆ ಕೆಲಸ. ಜನ ಎಡವುವುದು ಇಲ್ಲೇ. ರೆಸ್ಯೂಮೆಯಲ್ಲಿ ‘ಎರಡು ವರ್ಷ ಎಂಪ್ಲಾಯಿ’ ಎಂದು ಬರೆದಿರುತ್ತಾರೆ, 26ಎಎಸ್‌ನಲ್ಲಿ 194ಜೆ, ಪಿಎಫ್‌ನಲ್ಲಿ ಆ ಕಂಪನಿಯ ಹೆಸರೇ ಇಲ್ಲ. ಕೆಲಸ ಮಾಡಿದ್ದು ನಿಜ, ಆದರೂ ಕೆಂಪು ಗುರುತು ಬೀಳುತ್ತದೆ. ‘ಸ್ವತಂತ್ರ ಗುತ್ತಿಗೆದಾರ’ ಎಂದೇ ಬರೆದು, ವರ್ಕ್ ಆರ್ಡರಿನ ತಾರೀಖುಗಳನ್ನೇ ರೆಸ್ಯೂಮೆಗೂ ಹಾಕಿದರೆ ಈ ತೊಡಕಿಲ್ಲ.

26ಎಎಸ್‌ಗೂ ಅದರದೇ ಕುರುಡುಗಳಿವೆ. ಜನವರಿಯಿಂದ ಮಾರ್ಚ್‌ವರೆಗಿನ ಟಿಡಿಎಸ್ ವಿವರ ಸಲ್ಲಿಸಲು ಕಂಪನಿಗೆ ಮೇ 31ರವರೆಗೆ ಗಡುವಿದೆ. ಮಾರ್ಚ್ ಕೊನೆಗೆ ಕಾಂಟ್ರಾಕ್ಟ್ ಮುಗಿಸಿ ಏಪ್ರಿಲ್‌ನಲ್ಲಿ ಹೊಸದಕ್ಕೆ ಕೈ ಹಾಕಿದವರ ಕೊನೆಯ ಮೂರು ತಿಂಗಳು ಅಲ್ಲಿ ಕಾಣದೇ ಇರಬಹುದು. 194ಜೆಯಲ್ಲಿ ವರ್ಷಕ್ಕೆ 30 ಸಾವಿರ, 2025ರ ಏಪ್ರಿಲ್‌ನಿಂದ 50 ಸಾವಿರ ರೂಪಾಯಿ ದಾಟದಿದ್ದರೆ ತೆರಿಗೆ ಹಿಡಿಯುವ ಹಾಗಿರಲಿಲ್ಲವಾದ್ದರಿಂದ ಸಣ್ಣ ಕೆಲಸಗಳು ಬರುವುದಿಲ್ಲ. ವಿದೇಶಿ ಕಂಪನಿಯಾದರೆ ಏನೂ ಬರುವುದಿಲ್ಲ, ಅದಕ್ಕೆ ಬ್ಯಾಂಕ್ ಕೊಡುವ ವಿದೇಶಿ ಹಣ ಜಮಾ ಪತ್ರವೇ ಆಧಾರ. ಆದ್ದರಿಂದ ಪ್ರತಿ ಕೆಲಸಕ್ಕೂ ವರ್ಕ್ ಆರ್ಡರ್, ಮೊದಲ ಮತ್ತು ಕೊನೆಯ ಬಿಲ್, ಆ ಬಿಲ್ಲುಗಳ ಹಣ ಜಮೆಯಾದ ಬ್ಯಾಂಕ್ ಪುಟಗಳನ್ನು ಒಂದೇ ಪಿಡಿಎಫ್ ಮಾಡಿಟ್ಟುಕೊಳ್ಳಬೇಕು. ಬ್ಯಾಂಕ್ ಪುಟದಲ್ಲಿ ಉಳಿದ ಸಾಲುಗಳಿಗೆ ಕಪ್ಪು ಬಳಿಯಿರಿ. ಕಿರಾಣಿ ಅಂಗಡಿಗೆ ಎಷ್ಟು ಕೊಟ್ಟಿರಿ ಎಂಬುದು ಅವರಿಗೆ ಬೇಡದ ವಿಷಯ. ಕೆಲಸ ಮುಗಿದ ವಾರದಲ್ಲೇ, ತಂಡದ ಮುಖ್ಯಸ್ಥ ಇನ್ನೂ ಅದೇ ಕಂಪನಿಯಲ್ಲಿರುವಾಗಲೇ, ಕಂಪನಿಯ ಇಮೇಲ್‌ನಿಂದ ಎರಡು ಸಾಲಿನ ‘ಕೆಲಸ ಪೂರ್ಣಗೊಂಡಿದೆ’ ಪತ್ರ ಬರೆಸಿಕೊಳ್ಳಿ. ವರ್ಷ ಕಳೆದ ಮೇಲೆ ಕೇಳಿದರೆ ಆತನೂ ಬೇರೆ ಕಡೆ ಹೋಗಿರುತ್ತಾನೆ.

ಏಜೆನ್ಸಿ ಮೂಲಕ ದುಡಿದವರ ಕಥೆ ಬೇರೆ. ಕೆಲಸ ಒಂದು ಕಂಪನಿಯದು, ಪಿಎಫ್ ಏಜೆನ್ಸಿಯದು. ರೆಸ್ಯೂಮೆಯಲ್ಲಿ ಎರಡೂ ಹೆಸರಿರಲಿ. ಏಜೆನ್ಸಿಯವರು ಬಿಟ್ಟ ತಾರೀಖು ತುಂಬದಿದ್ದರೆ ಪಿಎಫ್ ನೋಡಿಕೊಳ್ಳುವ ಇಪಿಎಫ್‌ಒ ದಾಖಲೆಯಲ್ಲಿ ನೀವು ಇನ್ನೂ ಅಲ್ಲೇ ಇದ್ದೀರಿ, ಅಂದರೆ ಎರಡು ಕಡೆ ದುಡಿಯುತ್ತಿದ್ದೀರಿ ಎಂದು ಕಾಣುತ್ತದೆ. ಕೊನೆಯ ವಂತಿಗೆ ಬಿದ್ದು ಎರಡು ತಿಂಗಳಾದ ಮೇಲೆ ಸದಸ್ಯರ ಪೋರ್ಟಲ್‌ನ ‘ಮಾರ್ಕ್ ಎಕ್ಸಿಟ್’ನಲ್ಲಿ ಆಧಾರ್ ಒಟಿಪಿ ಹಾಕಿ ನಾವೇ ಅದನ್ನು ತುಂಬಬಹುದು.

ಇನ್ನು ಮಲೆನಾಡಿನವರಿಗೇ ಮೀಸಲಾದ ತೊಡಕುಗಳು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಊರಿನ, ಅಪ್ಪನ ಇನಿಷಿಯಲ್ಲು, ಪ್ಯಾನ್‌ನಲ್ಲಿ ಅವೇ ಬಿಡಿಸಿ ಬರೆದ ಉದ್ದನೆಯ ಹೆಸರು. ಎರಡೂ ಒಬ್ಬರದೇ ಎಂದು ನೋಟರಿ ಮುಂದೆ ಮಾಡಿಸಿದ ಒಂದು ಅಫಿಡವಿಟ್ ಕಡತದಲ್ಲಿದ್ದರೆ ವಾರಗಟ್ಟಲೆ ಪತ್ರವ್ಯವಹಾರ ಉಳಿಯುತ್ತದೆ. 2014ರ ನವೆಂಬರ್ 1ಕ್ಕೆ ಮುಂಚಿನ ದಾಖಲೆಗಳಲ್ಲಿ ಇಂಗ್ಲಿಷಿನಲ್ಲಿ ‘ಶಿಮೊಗ’ ಎಂದಿರುತ್ತದೆ, ಹೊರರಾಜ್ಯದ ಪರಿಶೀಲಕನಿಗೆ ಅದು ಬೇರೆಯೇ ಊರು. ಪದವಿ ಪ್ರಮಾಣಪತ್ರ ಡಿಜಿಲಾಕರ್‌ನಲ್ಲಿ ಸಿಕ್ಕರೆ ಸರಿ, ಸಿಗದಿದ್ದರೆ ಕುವೆಂಪು ವಿಶ್ವವಿದ್ಯಾಲಯದ ದೃಢೀಕರಣಕ್ಕೆ ಕಡತ ಶಂಕರಘಟ್ಟಕ್ಕೆ ಹೋಗಿ ಬರಬೇಕು.

ವಿಳಾಸದ ಪರಿಶೀಲನೆಗೆ ಈಗ ಮೊಬೈಲಿಗೊಂದು ಲಿಂಕ್ ಬರುತ್ತದೆ. ಬಾಗಿಲ ಮುಂದೆ ನಿಂತು ಫೋಟೊ ತೆಗೆಯಬೇಕು, ಜಾಗದ ಗುರುತನ್ನು ಫೋನೇ ಹಿಡಿಯುತ್ತದೆ. ಜಗುಲಿಯ ಮಾಡಿನಡಿ, ಮರಗಳ ಮರೆಯಲ್ಲಿ ಆ ಗುರುತು ಆಚೀಚೆ ಸರಿಯುವುದುಂಟು. ಅಂಗಳಕ್ಕಿಳಿದು, ಮೇಲೆ ಆಕಾಶ ಕಾಣುವ ಕಡೆ ಒಂದೆರಡು ನಿಮಿಷ ನಿಂತು, ಆಮೇಲೆ ತೆಗೆಯಿರಿ. ಮಳೆಗಾಲದಲ್ಲಿ ಕರೆಂಟಿನ ಹಿಂದೆಯೇ ಟವರೂ ಹೋಗುವ ಊರಿನವರು ಲಿಂಕಿನ ಗಡುವು ಮುಗಿಯುವ ಮೊದಲೇ, ಖುದ್ದು ಬಂದು ನೋಡಿ ಎಂದು ಇಮೇಲ್‌ನಲ್ಲಿ ಕೇಳಿ, ಪಂಚಾಯಿತಿಯ ಮನೆಕಂದಾಯದ ರಸೀದಿ ಲಗತ್ತಿಸಲಿ. ಖುದ್ದು ಬರುವವನು ಫೋನು ಮಾಡಿ ‘ಎಷ್ಟನೇ ಕ್ರಾಸ್?’ ಎನ್ನುತ್ತಾನೆ. ಬಸ್ಸಿನ ಕೊನೆಯ ಸ್ಟಾಪು, ಅಲ್ಲಿಂದ ಎಷ್ಟು ಕಿಲೋಮೀಟರ್, ಯಾರ ತೋಟದ ಪಕ್ಕ ಎಂಬುದನ್ನು ಫಾರಂನಲ್ಲೇ ಬರೆದಿಡುವುದು ಮೇಲು.

ಎಲ್ಲಕ್ಕಿಂತ ಕಷ್ಟದ್ದು ಕೋರ್ಟ್ ದಾಖಲೆ. ಇ-ಕೋರ್ಟ್ಸ್‌ನಲ್ಲಿ ಹೆಸರು, ವರ್ಷ ಹಾಕಿ ಹುಡುಕಿದರೆ ಮಂಜುನಾಥ, ನಾಗರಾಜ ಎಂಬ ಹೆಸರಿಗೆ ಪುಟಗಟ್ಟಲೆ ಬರುತ್ತದೆ. ಅದರಲ್ಲಿ ಒಂದನ್ನು ಹಿಡಿದು ‘ಹೊಂದಾಣಿಕೆ ಸಾಧ್ಯತೆ’ ಎಂದು ವರದಿ ಕೊಟ್ಟರೆ ಹೆದರಬೇಡಿ, ಪ್ರಕರಣದ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಕೇಳಿ. ಅದನ್ನು ಇ-ಕೋರ್ಟ್ಸ್‌ನಲ್ಲಿ ಹಾಕಿದರೆ ಯಾವ ಕೋರ್ಟು, ಪಕ್ಷಗಾರರು ಯಾರು, ಸಿವಿಲ್ಲೋ ಕ್ರಿಮಿನಲ್ಲೋ ಗೊತ್ತಾಗುತ್ತದೆ. ಪಾಲಿನ ದಾವೆಯಲ್ಲಿ ಮನೆಮಂದಿಯನ್ನೆಲ್ಲ ಪ್ರತಿವಾದಿ ಮಾಡುವುದು ನಮ್ಮ ಕಡೆ ಮಾಮೂಲು. ಅದು ಸಿವಿಲ್ ವ್ಯಾಜ್ಯ, ಆಳಿನ ನಡತೆಗೆ ಸಂಬಂಧಿಸಿದ್ದಲ್ಲ. ಅರಣ್ಯ ಕಾಯ್ದೆಯ 64ಎ ಸೆಕ್ಷನ್ ಅಡಿ, ಅರಣ್ಯ ಒತ್ತುವರಿಯೆಂದು, ಅಪ್ಪನ ಹೆಸರಿಗೆ ಬಂದ ತೆರವು ನೋಟಿಸು ಮಗಳ ಮೇಲಿನ ಕ್ರಿಮಿನಲ್ ಪ್ರಕರಣವೂ ಅಲ್ಲ. ಆದರೆ 2011ರ ಭೂಕಬಳಿಕೆ ನಿಷೇಧ ಕಾಯ್ದೆಯಡಿ ಬೆಂಗಳೂರಿನ ವಿಶೇಷ ನ್ಯಾಯಾಲಯದಲ್ಲಿ ನಿಮ್ಮದೇ ಹೆಸರಿನಲ್ಲಿ ಪ್ರಕರಣವಿದ್ದರೆ ಮುಚ್ಚಿಡಬೇಡಿ. ಫಾರಂನಲ್ಲಿ ಮೊದಲೇ ಬರೆದದ್ದಕ್ಕೆ ವಿವರಣೆ ಕೇಳುತ್ತಾರೆ, ಆಮೇಲೆ ಅವರಾಗಿಯೇ ಕಂಡುಕೊಂಡದ್ದಕ್ಕೆ ಕಾಂಟ್ರಾಕ್ಟ್ ರದ್ದು ಮಾಡುತ್ತಾರೆ.

ಆಧಾರ್ ಕೇಳಿದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಪ್ರತಿ ಕೊಡಿ. ವರ್ಷದ ವಹಿವಾಟು 20 ಲಕ್ಷದೊಳಗಿರುವ ಸೇವೆಗೆ, ಬೇರೆ ರಾಜ್ಯದ ಕಂಪನಿಗೆ ಮಾಡಿಕೊಟ್ಟರೂ, ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ವೆಂಡರ್ ಫಾರಂನಲ್ಲಿ ಆ ಕಾಲಂ ಮುಂದಕ್ಕೆ ಬಿಡದಿದ್ದರೆ ಸ್ವಯಂ ಘೋಷಣೆ ಕೊಟ್ಟರೆ ಆಯಿತು.

ಕಂಪನಿಗಳಿಗೆ ಹೇಳಬೇಕಾದದ್ದು ದುಡ್ಡಿನ ಮಾತು. ನೌಕರನಿಗಾದರೆ ಪರಿಶೀಲನೆ ನಡೆಯುವಾಗಲೂ ಸಂಬಳ ಓಡುತ್ತಿರುತ್ತದೆ. ಗುತ್ತಿಗೆಯವನ ಕರಾರಿನಲ್ಲಿ ‘ವರದಿ ತೃಪ್ತಿಕರವಾಗಿರದಿದ್ದರೆ ತಕ್ಷಣ ರದ್ದು’ ಎಂದಿರುತ್ತದೆ, ಅಷ್ಟರೊಳಗೆ ಮಾಡಿದ ಮೂರು ವಾರದ ಕೆಲಸಕ್ಕೆ ಕೂಲಿ ಉಂಟೋ ಇಲ್ಲವೋ ಎಂಬುದಿರುವುದಿಲ್ಲ. ಸಹಿ ಹಾಕುವವರು ಮೂರು ಮಾತು ಸೇರಿಸಲು ಕೇಳಬೇಕು: ರದ್ದಾದ ದಿನದವರೆಗಿನ ಕೆಲಸಕ್ಕೆ ಬಿಲ್ ಪಾವತಿ, ವರದಿಯ ಪ್ರತಿ ಗುತ್ತಿಗೆದಾರನಿಗೂ, ತಪ್ಪಿದ್ದರೆ ದಾಖಲೆ ಕೊಟ್ಟು ಸರಿಪಡಿಸಲು ಏಳು ದಿನ. ವರದಿ ಕೈಗೆ ಬರುವವರೆಗೆ ಹಳೆಯ ಕಂಪನಿಗೆ ‘ಇನ್ನು ಮುಂದುವರಿಸುವುದಿಲ್ಲ’ ಎಂದು ಬರೆದು ಕಳಿಸಬೇಡಿ.

ಇತಿ,
ಒಬ್ಬ ತೆರಿಗೆ ಸಲಹೆಗಾರ, ಶಿವಮೊಗ್ಗ